ಯಾರ ಕಡೆಯವರು ಎಂದು ಕೇಳುವ ಮುಂಚೆ

(ಸ್ವಸಹಾಯ ಸಂಘಗಳ ತಾಲ್ಲೂಕು ಸಮಾವೇಶದಲ್ಲಿ ಆಡಿದ ಮಾತು)



ವರದಕ್ಷಿಣೆ ಸಾವುಗಳ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ಕಾನೂನಿನ ವಿಚಾರವನ್ನು ವಕೀಲೆಯೊಬ್ಬರು ಬೆಳಿಗ್ಗೆಯೇ ಹೇಳಿದ್ದಾರೆ. ನಾನು ಬೇರೊಂದು ಮಾತು ಎತ್ತುತ್ತೇನೆ. ಯಾರದೋ ಸೊಸೆ ಸುಟ್ಟು ಸತ್ತಳು ಎಂಬ ಸುದ್ದಿ ಬಂದಾಗ ಊರಿನಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು? ಏನಾಯಿತು ಎಂಬುದಲ್ಲ. ಆ ಮನೆಯವರು ಯಾವ ಪಾರ್ಟಿ ಎಂಬುದು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ನಿಜ. ಆದರೆ ಯಾವ ಮನೆ ಯಾವ ಪಾರ್ಟಿ ಎಂದು ಅಂಗನವಾಡಿ ಮಗುವಿಗೂ ಗೊತ್ತು.

ರಾಜಸ್ಥಾನದ ಸೀಕರ್ ಜಿಲ್ಲೆಯ ದೇವರಾಲ ಗ್ರಾಮದ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರಬಹುದು. 1987ರ ಸೆಪ್ಟೆಂಬರ್ 4ರಂದು ಅಲ್ಲಿ ಹದಿನೆಂಟು ವರ್ಷದ ರೂಪ್ ಕಂವರ್ ಗಂಡನ ಚಿತೆಯಲ್ಲಿ ಬೆಂದುಹೋದಳು. ಮದುವೆಯಾಗಿ ಎಂಟು ತಿಂಗಳಾಗಿತ್ತಷ್ಟೇ. ಹಾಡಹಗಲು, ಸಾವಿರಾರು ಜನರ ಕಣ್ಣೆದುರು. ಇಷ್ಟು ಜನ ಕಂಡ ಮೇಲೆ ನಿಜ ಏನೆಂದು ಗೊತ್ತಾಗಲೇಬೇಕಲ್ಲ? ಆಗಲಿಲ್ಲ. ಅವಳೇ ಒಪ್ಪಿ ಏರಿದಳು, ಸತಿಮಾತೆಯಾದಳು ಎಂದಿತು ಒಂದು ಗುಂಪು. ಬಲವಂತವಾಗಿ ಕೂರಿಸಿದರು ಎಂದಿತು ಇನ್ನೊಂದು. ಹೈಕೋರ್ಟಿನ ಆದೇಶವನ್ನು ಮೀರಿ ಚುನರಿ ಉತ್ಸವಕ್ಕೆ ಜನಸಾಗರ ಸೇರಿತು. ರಜಪೂತರ ಓಟು ಎಲ್ಲರಿಗೂ ಬೇಕಿತ್ತು. ಬಿಜೆಪಿಯ ವಿಜಯರಾಜೇ ಸಿಂಧಿಯಾ ಬಹಿರಂಗವಾಗಿ ಸತಿಯ ಪರ ಮಾತಾಡಿದರು. ಜನತಾ ಪಕ್ಷದ ಮುಖಂಡರೂ ಆ ಕಡೆ ನಿಂತರು. ಆಳುತ್ತಿದ್ದ ಕಾಂಗ್ರೆಸ್ ಸರ್ಕಾರ ಮೀನಮೇಷ ಎಣಿಸಿತು. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ಅದೇ ವರ್ಷ ಸತಿ ತಡೆ ಕಾಯ್ದೆ ಬಂತು. ಆದರೆ 1996ರಲ್ಲಿ ಕೊಲೆ ಆರೋಪಿಗಳು ಖುಲಾಸೆಯಾದರು. ಸತಿಯನ್ನು ವೈಭವೀಕರಿಸಿದ ಆರೋಪ ಹೊತ್ತಿದ್ದ ಎಂಟು ಜನ 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದರು. ಅಷ್ಟು ಕಣ್ಣುಗಳು ನೋಡಿದ್ದವು, ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ಸಿಗಲಿಲ್ಲ.

ಸತಿ ನಮ್ಮ ಕಡೆಯ ಮಾತಲ್ಲ ಎನ್ನಬೇಡಿ. ನಮ್ಮ ಕಡೆ ಸ್ಟೌ ಇತ್ತು. 90ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಹೆಂಗಸರ ಸಾವುಗಳನ್ನು ದಾಖಲಿಸತೊಡಗಿದಾಗ ಕಂಡದ್ದೇನು? ಸ್ಟೌ ಸಿಡಿದು ಸಾವು, ಅಡಿಗೆಮನೆ ಅಪಘಾತ ಎಂದು ಮುಚ್ಚಿಹೋದ ಎಷ್ಟೋ ಕಡತಗಳು.

ಇಪ್ಪತ್ತು ವರ್ಷದ ಹಿಂದೆ ನಾನು ಹೋಗಿದ್ದ ಒಂದು ಊರಿನ ಕಥೆ ಹೇಳುತ್ತೇನೆ, ಹೆಸರು ಬೇಡ. ಸತ್ತವಳ ಮಾವ ಒಂದು ಪಾರ್ಟಿಯ ಮುಖಂಡ. ಆ ಪಾರ್ಟಿಯ ಕೇರಿಯಲ್ಲಿ ಕೇಳಿದರೆ, ಸ್ಟೌ ಸಿಡಿಯಿತಮ್ಮ, ಪಾಪ. ಇನ್ನೊಂದು ಕೇರಿಯಲ್ಲಿ ಕೇಳಿದರೆ, ಅತ್ತೆ ಮಾವ ಸೇರಿ ಕೊಂದರು. ಎರಡೂ ಕಡೆ ಕಣ್ಣಾರೆ ಕಂಡವರ ಹಾಗೆ ಹೇಳಿದರು. ಆ ಹೊತ್ತಿಗೆ ಎಲ್ಲಿದ್ದಿರಿ ಎಂದರೆ ಒಬ್ಬಳು ಸಂತೆಯಲ್ಲಿ, ಒಬ್ಬಳು ಹೊಲದಲ್ಲಿ. ಬಿಂದಿಗೆ ನೀರು ಹಿಡಿದು ಒಳಗೆ ಓಡಿದವಳು ಪಕ್ಕದ ಮನೆಯ ಅಜ್ಜಿ ಒಬ್ಬಳೇ. ಸ್ಟೌ ಗೂಡಿನಲ್ಲಿ ಹಾಗೇ ಇತ್ತು, ಸೀಮೆಎಣ್ಣೆ ಡಬ್ಬ ನೆಲದ ಮೇಲೆ ಬಿದ್ದಿತ್ತು ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ! ಮುಂದೆ ಪಂಚಾಯಿತಿ ಅಧ್ಯಕ್ಷ ಸ್ಥಾನಕ್ಕೆ ಎರಡೂ ಪಾರ್ಟಿಗಳು ರಾಜಿಯಾದವು. ಆಮೇಲೆ ‘ಕೊಂದರು’ ಎಂದಿದ್ದ ಕೇರಿಯವರೂ ‘ಯಾರು ಕಂಡಿದ್ದಾರೆ ಬಿಡಿ’ ಎನ್ನತೊಡಗಿದರು. ಅವರು ನಿಜ ಹೇಳಿದ್ದೂ ಪಾರ್ಟಿಗಾಗಿ, ಬಿಟ್ಟದ್ದೂ ಪಾರ್ಟಿಗಾಗಿ.

ಇವರೆಲ್ಲ ಸುಳ್ಳರು ಎಂದು ನಾನು ಹೇಳುವುದಿಲ್ಲ. ಮನೆ ಮಂಜೂರಾತಿ, ರೇಷನ್ ಕಾರ್ಡು, ಕೊಳವೆಬಾವಿ, ಮಗನಿಗೊಂದು ಕೆಲಸ, ಎಲ್ಲಕ್ಕೂ ಮುಖಂಡನ ಮನೆ ಬಾಗಿಲಿಗೇ ಹೋಗಬೇಕು. ಅವನನ್ನು ಕೊಲೆಗಾರ ಎಂದು ನಂಬಿದರೆ ನಾಳೆ ಆ ಬಾಗಿಲು ತಟ್ಟುವುದು ಹೇಗೆ? ಹಾಗಾಗಿ ಮನಸ್ಸು ತಾನಾಗಿಯೇ ಸ್ಟೌವನ್ನು ಸಿಡಿಸುತ್ತದೆ. ಸೊಸೆಯ ಪಾಡು ನೋಡಿ. ಅವಳು ಬೇರೆ ಊರಿನಿಂದ ಬಂದವಳು. ಅವಳ ತವರಿನ ಓಟುಗಳು ಬೇರೆ ಬೂತಿನಲ್ಲಿವೆ. ಈ ಊರಿನ ಯಾವ ಪಾರ್ಟಿಗೂ ಅವಳ ಅಪ್ಪ ಅಮ್ಮನಿಂದ ಒಂದು ಓಟೂ ಇಲ್ಲ.

ನಮ್ಮ ಸಂಘಗಳಲ್ಲೂ ಪಾರ್ಟಿ ಇದೆ. ಸಾಲದ ಕಂತು ಕಟ್ಟುವಾಗ ಒಟ್ಟಿಗೆ ಕೂರುವವರು ಇಂಥ ಸುದ್ದಿ ಬಂದಾಗ ಎರಡು ಚಾಪೆಯಾಗುತ್ತೇವೆ. ಅದಕ್ಕೇ ಕೆಲವು ಸಂಘಗಳಿಗೆ ನಾನು ಹೇಳುವುದು ಇಷ್ಟು: ಸುದ್ದಿ ಬಂದ ದಿನವೇ ಸೇರಿ. ಮುಖಂಡರು ಬಂದು ಹೇಳಿಕೊಡುವ ಮುಂಚೆ. ನಾನೇ ಕಂಡದ್ದು ಏನು, ಬೇರೆಯವರಿಂದ ಕೇಳಿದ್ದು ಏನು ಎಂದು ಪ್ರತಿಯೊಬ್ಬಳೂ ಬೇರೆಬೇರೆಯಾಗಿ ಹೇಳಲಿ. ನಡಾವಳಿ ಪುಸ್ತಕದಲ್ಲಿ ದಿನ, ಹೊತ್ತು ಹಾಕಿ ಬರೆದು ಸಹಿ ಮಾಡಿ. ಕೊಲೆ ಎಂದೂ ಬರೆಯಬೇಡಿ, ಆಕಸ್ಮಿಕ ಎಂದೂ ಬೇಡ. ಸ್ಟೌ ನಿಜವಾಗಿ ಸಿಡಿಯುವುದೂ ಉಂಟು. ಎದುರು ಪಾರ್ಟಿಯವನ ಮನೆಯಾದರೆ ಇದನ್ನು ಇನ್ನೂ ಚೆನ್ನಾಗಿ ನೆನಪಿಡಬೇಕು. ಸ್ಟೌ ಎಲ್ಲಿತ್ತು, ಬಾಗಿಲು ಒಳಗಿನಿಂದ ಹಾಕಿತ್ತೋ ಹೊರಗಿನಿಂದಲೋ, ಅವಳು ಏನೆಂದು ಕೂಗಿದಳು, ಆಸ್ಪತ್ರೆಗೆ ಯಾರು, ಎಷ್ಟು ಹೊತ್ತಿಗೆ ಒಯ್ದರು, ಇಷ್ಟೇ ಸಾಕು.

ಇನ್ನೊಂದು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ಪೊಲೀಸರಷ್ಟೇ ಅಲ್ಲ, ತಹಸೀಲ್ದಾರರಂಥ ದಂಡಾಧಿಕಾರಿ ಬಂದು ಶವ ಪಂಚನಾಮೆ ಮಾಡಬೇಕು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲೂ ಇದು 196ನೇ ಕಲಮಿನಲ್ಲಿ ಉಳಿದಿದೆ. ಆಗ ಪಂಚರಾಗಿ ಮುಂದೆ ಬಂದು ನಿಲ್ಲುವವರು ಸಾಮಾನ್ಯವಾಗಿ ಯಾರು ಎಂದು ನಿಮಗೆ ಗೊತ್ತು. ಆ ದಿನ ನಿಮ್ಮಲ್ಲಿ ನಾಲ್ಕು ಜನ, ಎರಡೂ ಪಾರ್ಟಿಯ ಮನೆಗಳಿಂದ ಇಬ್ಬಿಬ್ಬರು, ಪುಸ್ತಕ ಹಿಡಿದು ಅಲ್ಲಿಗೆ ಹೋಗಿ. ‘ನಾವೂ ಹೇಳಿಕೆ ಕೊಡುತ್ತೇವೆ, ಬರೆದುಕೊಳ್ಳಿ’ ಎನ್ನಿ. ಪಕ್ಕದ ಮನೆಯ ಅಜ್ಜಿಯನ್ನೂ ಕೈಹಿಡಿದು ಕರೆದುಕೊಂಡು ಹೋಗಿ.