ಗಿರಾಕಿ ಮತ್ತು ಅಂಗಡಿಯ ಆಳು

ಹೊಸದಾಗಿ ಅಂಗಡಿ ಇಡುವವರನ್ನು ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಕಾಡುತ್ತವೆ. ಗಿರಾಕಿಗಳನ್ನು ಬರಮಾಡಿಕೊಳ್ಳುವುದು ಹೇಗೆ? ನಂಬಿಕೆಯ ಆಳು ಸಿಗುವುದು ಹೇಗೆ? ಮೊದಲನೆಯದಕ್ಕೆ ಅವರು ಧಾರಾಳವಾಗಿ ಹಣ ಸುರಿಯುತ್ತಾರೆ. ಎರಡನೆಯದರಲ್ಲಿ ಉಳಿತಾಯ ಹುಡುಕುತ್ತಾರೆ. ಆದರೆ ಇವೆರಡೂ ಬೇರೆ ಬೇರೆ ವಿಷಯಗಳಲ್ಲ ಎಂಬುದೇ ನಾನು ಈ ಹೊತ್ತು ಹೇಳಬೇಕೆಂದಿರುವ ಮಾತು.

ತಾಲ್ಲೂಕು ಊರೊಂದರಲ್ಲಿ ಒಂದು ದಿನಸಿ ಅಂಗಡಿ ಇದೆಯೆಂದು ಇಟ್ಟುಕೊಳ್ಳೋಣ. ಯಜಮಾನರು ಬಣ್ಣದ ಫಲಕ ಹಾಕಿಸಿದ್ದಾರೆ, ಮನೆಮನೆಗೆ ಕರಪತ್ರ ಹಂಚಿಸಿದ್ದಾರೆ. ಅದನ್ನು ನೋಡಿ ಗೃಹಿಣಿಯೊಬ್ಬರು ಬರುತ್ತಾರೆ. ಕೊಂಡ ತೊಗರಿಬೇಳೆಯಲ್ಲಿ ಹುಳು ಕಂಡು ಮರುದಿನ ಹಿಂದಕ್ಕೆ ತಂದರೆ, ಅಂಗಡಿಯ ಹುಡುಗ “ಕೊಂಡ ಮೇಲೆ ವಾಪಸಿಲ್ಲ” ಎಂದು ಮುಖ ತಿರುಗಿಸುತ್ತಾನೆ. ತಪ್ಪು ಹುಡುಗನದೆ? ವಾಪಸು ತೆಗೆದುಕೊಂಡರೆ ಯಜಮಾನರು ಅವನ ಸಂಬಳದಲ್ಲಿ ಹಿಡಿಯುತ್ತಾರೆ. ಆ ಮನೆಯವರು ತಿಂಗಳಿಗೆ 2,000 ರೂಪಾಯಿನ ದಿನಸಿ ಕೊಳ್ಳುವವರಾದರೆ, ಒಂದು ಕಿಲೋ ಬೇಳೆ ಉಳಿಸಹೋಗಿ ವರ್ಷಕ್ಕೆ 24,000 ರೂಪಾಯಿನ ವ್ಯಾಪಾರ ಕೈಬಿಟ್ಟಂತಾಯಿತು. ಆಕೆ ನೆರೆಮನೆಯಲ್ಲಿ ಆಡುವ ಮಾತಿನ ನಷ್ಟ ಬೇರೆ.

ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನದೇ ಒಂದು ನಿದರ್ಶನ ನೋಡಿ. 1924ರಲ್ಲಿ ಮಯ್ಯ ಸೋದರರು ಬೆಂಗಳೂರಿನಲ್ಲಿ ಸಣ್ಣದೊಂದು ಕಾಫಿ ಕ್ಲಬ್ ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ, ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನೂ ಶಿಸ್ತನ್ನೂ ಕಂಡು ಬಂದರು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಕ್ರಮವನ್ನು ತಂದರು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಬಹುದಾಗಿತ್ತು. ಅಡಿಗೆಯವರ ಕೈ ಶುಚಿಯಾಗಿರದಿದ್ದರೆ ಆ ಬಾಗಿಲನ್ನು ತೆರೆದಿಡಲು ಸಾಧ್ಯವಾಗುತ್ತಿತ್ತೆ? ಅಲ್ಲಿ ಕೆಲಸದವರ ನಡವಳಿಕೆಯೇ ಜಾಹೀರಾತಾಯಿತು.

ಸಣ್ಣ ಅಂಗಡಿಯವರು ಇದರಿಂದ ಏನು ಕಲಿಯಬಹುದು? ಮೊದಲು, ಒಂದು ಸಾಧಾರಣ ನೋಟುಪುಸ್ತಕ ಇಡಿ. ಹೊಸ ಗಿರಾಕಿ ಬಂದಾಗಲೆಲ್ಲ “ನಮ್ಮ ಅಂಗಡಿಯ ವಿಷಯ ಯಾರಿಂದ ತಿಳಿಯಿತು?” ಎಂದು ವಿಚಾರಿಸಿ ಬರೆದುಕೊಳ್ಳಿ. ಕೇಳಿದ ಸಾಮಾನು ಇಲ್ಲವೆನ್ನಬೇಕಾಗಿ ಬಂದರೆ ಅದನ್ನೂ ಬರೆದಿಡಿ. ಒಂದು ತಿಂಗಳಾದ ಮೇಲೆ ಫಲಕದಿಂದ ಬಂದವರೆಷ್ಟು, ಮೊಬೈಲಿನಲ್ಲಿ ನೋಡಿ ಬಂದವರೆಷ್ಟು, ಪರಿಚಿತರ ಮಾತಿನಿಂದ ಬಂದವರೆಷ್ಟು ಎಂಬುದು ತಿಳಿಯುತ್ತದೆ. ಜಾಹೀರಾತಿಗೆ ದುಡ್ಡು ಹಾಕುವುದು ಆಮೇಲೆ. ಈ ಪುಸ್ತಕ ಬರೆಯಬೇಕಾದವನು ಗಿರಾಕಿಯ ಎದುರು ನಿಲ್ಲುವ ಆಳು. ಅವನಿಗೆ ಅಂಗಡಿಯ ಮೇಲೆ ಅಕ್ಕರೆಯಿಲ್ಲದಿದ್ದರೆ ಪುಸ್ತಕ ಖಾಲಿಯೇ ಉಳಿಯುತ್ತದೆ.

ಆ ಅಕ್ಕರೆ ಬರುವುದು ಹೇಗೆ? ಕೆಲಸಕ್ಕೆ ಸೇರಿದ ದಿನವೇ ಸಂಬಳವೆಷ್ಟು, ಯಾವ ತಾರೀಖಿಗೆ, ಕೆಲಸದ ಹೊತ್ತೆಷ್ಟು, ವಾರದ ರಜೆ ಯಾವಾಗ ಎಂಬುದನ್ನು ಕಾಗದದಲ್ಲಿ ಬರೆದುಕೊಡಿ. ನಮ್ಮವನೇ ತಾನೆ ಎಂಬ ಬಾಯಿಮಾತಿನ ಒಪ್ಪಂದವೇ ಮುಂದೆ ಮನಸ್ತಾಪಕ್ಕೆ ಕಾರಣವಾಗುವುದು. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಮೆ ಕೊಡುವುದು ಕಾನೂನಿಗೆ ವಿರುದ್ಧ. ಹದಿನಾಲ್ಕು ತುಂಬದ ಮಕ್ಕಳನ್ನು ಅಂಗಡಿಯಲ್ಲಿ ದುಡಿಮೆಗೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯಿಂದ ನಿಷಿದ್ಧವಾಗಿದೆ.

ಮೊದಲ ವಾರ ಹೊಸಬನನ್ನು ಒಂಟಿಯಾಗಿ ಬಿಡಬೇಡಿ. ಬೆಲೆ, ತೂಕ, ಗಿರಾಕಿಯೊಡನೆ ಆಡುವ ಮಾತು, ಇವನ್ನು ಪಕ್ಕದಲ್ಲಿ ನಿಂತು ಕಲಿಸಿ. ತಪ್ಪು ಮಾಡಿದರೆ ಗಿರಾಕಿಯ ಮುಂದೆ ಗದರಿಸಬೇಡಿ. ಅಂಗಡಿ ಮುಚ್ಚುವ ಹೊತ್ತಿಗೆ ತಿಳಿಸಿ ಹೇಳಿ. ಇಷ್ಟು ರೂಪಾಯಿವರೆಗಿನ ಸಾಮಾನನ್ನು ನಿಮ್ಮನ್ನು ಕೇಳದೆಯೇ ವಾಪಸು ತೆಗೆದುಕೊಳ್ಳಬಹುದೆಂದು ಅಧಿಕಾರ ಕೊಡಿ.

ಆಗ ಆ ಗೃಹಿಣಿ ಬೇಳೆ ಹಿಡಿದು ಬಂದರೆ ಅದೇ ಹುಡುಗ, “ತಪ್ಪಾಯಿತಮ್ಮ, ಬೇರೆ ಕೊಡುತ್ತೇನೆ” ಎನ್ನುತ್ತಾನೆ. ನೂರು ಕರಪತ್ರ ಹಂಚಿದರೂ ಬಾರದ ವಿಶ್ವಾಸ ಆ ಒಂದು ಮಾತಿನಿಂದ ಬರುತ್ತದೆ.