ಸಾಗರದ ಮೇಲೆ ಎಳೆದ ಗೆರೆ



ಸಾಗರದಲ್ಲಿ ಪರಮಾಣು ಅಸ್ತ್ರವನ್ನು ಪರೀಕ್ಷಿಸುವ ಮುನ್ನ ಆಯಾ ರಾಷ್ಟ್ರವು ನಕಾಶೆಯ ಮೇಲೊಂದು ಗೆರೆ ಎಳೆದು, ಅದರೊಳಗೆ ಹಡಗು, ವಿಮಾನಗಳು ಪ್ರವೇಶಿಸಬಾರದೆಂದು ಎಚ್ಚರಿಕೆ ಹೊರಡಿಸುತ್ತಿತ್ತು. ಗೆರೆಯ ಹೊರಗಿರುವವರು ಸುರಕ್ಷಿತರು ಎಂಬುದು ಇದರ ಇಂಗಿತ. ಆದರೆ ಈ ಅಪಾಯ ವಲಯವು ಮುಖ್ಯವಾಗಿ ಎರಡು ಅಂದಾಜುಗಳನ್ನು ಆಧರಿಸಿರುತ್ತಿತ್ತು: ಒಂದು ಸ್ಫೋಟದ ಬಲ, ಇನ್ನೊಂದು ಗಾಳಿಯ ದಿಕ್ಕು. ಇವು ಕೈಕೊಟ್ಟಾಗ ಆಗುವ ಅನಾಹುತಕ್ಕೆ 1954ರ ಬಿಕಿನಿ ಪರೀಕ್ಷೆಯೇ ನಿದರ್ಶನ.

ಬಿಕಿನಿಯು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಸಮೂಹದಲ್ಲಿರುವ ಹವಳದ್ವೀಪ. ಅಲ್ಲಿ 1954ರ ಮಾರ್ಚ್ 1ರ ಮುಂಜಾನೆ ಅಮೆರಿಕವು 'ಬ್ರಾವೋ' ಎಂಬ ಜಲಜನಕ ಬಾಂಬನ್ನು ಸ್ಫೋಟಿಸಿತು. ಅದರ ಬಲವು ಸುಮಾರು 60 ಲಕ್ಷ ಟನ್ ಟಿ.ಎನ್.ಟಿ.ಗೆ ಸಮನಾಗುವುದೆಂದು ನಿರೀಕ್ಷಿಸಲಾಗಿತ್ತು. ಆದದ್ದು ಒಂದೂವರೆ ಕೋಟಿ ಟನ್. ನಿಷ್ಕ್ರಿಯವೆಂದು ಭಾವಿಸಿದ್ದ ಲಿಥಿಯಂ-7 ಸಹ ಕ್ರಿಯೆಯಲ್ಲಿ ಪಾಲ್ಗೊಂಡದ್ದೇ ಇದಕ್ಕೆ ಕಾರಣ. ಮೇಲ್ಗಾಳಿಯು ಅನುಕೂಲಕರವಾಗಿಲ್ಲವೆಂಬ ಸೂಚನೆ ಹಿಂದಿನ ರಾತ್ರಿಯೇ ದೊರೆತಿದ್ದರೂ ಪರೀಕ್ಷೆಯನ್ನು ಮುಂದೂಡಲಿಲ್ಲ. ಪುಡಿಯಾಗಿ ಮೇಲೆದ್ದ ಹವಳವು ವಿಕಿರಣಶೀಲವಾದ ಬಿಳಿಯ ಬೂದಿಯಾಗಿ ಪೂರ್ವದಿಕ್ಕಿನಲ್ಲಿ ಸುರಿಯಿತು.

ಆ ದಿಕ್ಕಿನಲ್ಲಿದ್ದ ರೊಂಗೆಲಾಪ್ ದ್ವೀಪವು ಗೆರೆಯ ಹೊರಗಿತ್ತು. ಇದಕ್ಕಿಂತ ನೂರಾರು ಪಟ್ಟು ಸಣ್ಣ ಬಾಂಬುಗಳನ್ನು ಪರೀಕ್ಷಿಸಿದ 1946ರಲ್ಲಿ ಅಲ್ಲಿನ ಜನರನ್ನು ಮುಂಜಾಗ್ರತೆಯಾಗಿ ಸ್ಥಳಾಂತರಿಸಲಾಗಿತ್ತು. 1954ರಲ್ಲಿ ಹಾಗೆ ಮಾಡಲಿಲ್ಲ. ಸಮೀಪದ ರೊಂಗೆರಿಕ್‌ನಲ್ಲಿದ್ದ 28 ಮಂದಿ ಅಮೆರಿಕನ್ ಸಿಬ್ಬಂದಿಯನ್ನು ಮಾರ್ಚ್ 2ರಂದು ಕರೆದೊಯ್ಯಲಾಯಿತು. ರೊಂಗೆಲಾಪ್‌ನ ನಿವಾಸಿಗಳ ಸರದಿ ಬಂದದ್ದು ಮಾರ್ಚ್ 3ರಂದು. ಅಷ್ಟರಲ್ಲಿ ಮಕ್ಕಳಾದಿಯಾಗಿ ಎಲ್ಲರೂ ವಿಕಿರಣಕ್ಕೆ ತುತ್ತಾಗಿದ್ದರು.

ಜಪಾನಿನ 'ದೈಗೊ ಫುಕುರ್ಯೂ ಮಾರು' ಎಂಬ ಟ್ಯೂನಾ ಮೀನುಗಾರಿಕೆಯ ಹಡಗು ಸಹ ಅಪಾಯ ವಲಯದ ಹೊರಗೇ ಇತ್ತು. ಅದರಲ್ಲಿದ್ದ 23 ಮಂದಿಯ ಮೇಲೆ ಗಂಟೆಗಟ್ಟಲೆ ಬೂದಿ ಸುರಿಯಿತು. ಮಾರ್ಚ್ 14ರಂದು ಯೈಜು ಬಂದರನ್ನು ಸೇರುವ ವೇಳೆಗೆ ಅವರೆಲ್ಲ ಅಸ್ವಸ್ಥರಾಗಿದ್ದರು. ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ಮೃತಪಟ್ಟರು.

ದುರಂತದ ತರುವಾಯ ಅಪಾಯ ವಲಯವನ್ನು ಹಲವು ಪಟ್ಟು ಹಿಗ್ಗಿಸಲಾಯಿತು. ಆದರೆ ಗೆರೆ ಹಿಗ್ಗಿದಷ್ಟೂ ಸರ್ವರಿಗೂ ಸೇರಿದ ಸಾಗರ ಕುಗ್ಗುತ್ತದೆ. ಮೀನುಗಾರನ ಜೀವನೋಪಾಯ ದೂರವಾಗುತ್ತದೆ. ಗಾಳಿಯಂತೂ ಯಾವ ಗೆರೆಗೂ ಕಟ್ಟುಬೀಳದು. ಪರೀಕ್ಷೆಗಳನ್ನೇ ಸ್ಥಗಿತಗೊಳಿಸುವ ಒಪ್ಪಂದವಾಗಬೇಕೆಂದು ಪ್ರಧಾನಿ ಜವಾಹರಲಾಲ್ ನೆಹರೂ 1954ರ ಏಪ್ರಿಲ್ 2ರಂದು ಲೋಕಸಭೆಯಲ್ಲಿ ಕರೆಯಿತ್ತರು. ವಾಯುಮಂಡಲ, ಬಾಹ್ಯಾಕಾಶ ಹಾಗೂ ಜಲಗರ್ಭದಲ್ಲಿ ಪರಮಾಣು ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವು 1963ರಲ್ಲಿ ರೂಪುಗೊಂಡಿತು. ಭಾರತವು ಅದೇ ವರ್ಷ ಅದಕ್ಕೆ ಸಹಿ ಹಾಕಿತು. ಸಹಿ ಹಾಕದ ಫ್ರಾನ್ಸ್ ಪೆಸಿಫಿಕ್‌ನ ಬಾನಿನಲ್ಲಿ 1974ರವರೆಗೂ ಪರೀಕ್ಷೆಗಳನ್ನು ಮುಂದುವರಿಸಿತು.

ಅಪಾಯ ವಲಯವೆಂಬುದು ಅಪಾಯದ ಎಲ್ಲೆಯಲ್ಲ, ಅಪಾಯವನ್ನು ಕುರಿತ ಮಾನವನ ಅಂದಾಜಿನ ಎಲ್ಲೆ. ಆ ಅಂದಾಜು ತಪ್ಪಿದಾಗ ಬೆಲೆ ತೆರುವವರು ಗೆರೆ ಎಳೆದವರಲ್ಲ, ಅದರಾಚೆಗೆ ನಿಶ್ಚಿಂತರಾಗಿ ಬದುಕುತ್ತಿದ್ದವರು. ಬಿಕಿನಿ ಕಲಿಸಿದ ಈ ಪಾಠವನ್ನು ನಾಗರಿಕರಾದ ನಾವೆಲ್ಲರೂ ಸದಾ ನೆನಪಿನಲ್ಲಿಡಬೇಕಾಗಿದೆ.