ಮನೆಯಲ್ಲಿ ಕಟ್ಟಿದ ವಿಮಾನ ರಿಸೀವರಿಗೆ ದೂರದ ವಿಮಾನ ಯಾಕೆ ಸಿಗುವುದಿಲ್ಲ?

ವಿಮಾನಗಳ ಸಂಕೇತ ಹಿಡಿಯುವ ರಿಸೀವರನ್ನು ಮನೆಯಲ್ಲೇ ಕಟ್ಟಿಕೊಂಡವರ ಪತ್ರಗಳಲ್ಲಿ ಒಂದೇ ಅಳಲು. ‘ದೇವನಹಳ್ಳಿಗೆ ಇಳಿಯುವ ವಿಮಾನ ತೆರೆಯ ಮೇಲೆ ಬರುತ್ತದೆ, ದೂರದ್ದು ಬರುವುದಿಲ್ಲ. ಆಂಪ್ಲಿಫೈಯರ್ ಕೊಳ್ಳಲೆ?’ ಈಗಲೇ ಬೇಡ.

35,000 ಅಡಿ ಎತ್ತರದ ವಿಮಾನ ನಡುವೆ ಅಡ್ಡಿಯಿಲ್ಲದಿದ್ದರೆ 400 ಕಿಲೋಮೀಟರ್ ದೂರದಿಂದಲೂ ಸಿಗಬೇಕು. ಸಿಗುತ್ತಿಲ್ಲವೆಂದರೆ ಮೊದಲು ಆಂಟೆನಾ ಎಲ್ಲಿದೆ ನೋಡಿ. ಕಿಟಕಿಯ ಪಕ್ಕ ಇಟ್ಟು, ಯುಎಸ್‌ಬಿ ಡಾಂಗಲ್ ಸರಿಯಿಲ್ಲ ಎಂದು ದೂರುವವರು ಬಹಳ. ಟಿವಿ ನೋಡಲೆಂದು ತಯಾರಾದ ಆ ಅಗ್ಗದ ಡಾಂಗಲ್ ಈ ಕೆಲಸಕ್ಕೆ ಧಾರಾಳ ಸಾಕು. ವಿಮಾನದ ಸಂಕೇತ ಹೊತ್ತು ಬರುವ 1090 ಮೆಗಾಹರ್ಟ್ಸ್‌ನ ಅಲೆಗೆ ಕಾಂಕ್ರೀಟ್ ಗೋಡೆಯೇ ಶತ್ರು. ಆಂಟೆನಾ ತಾರಸಿಗೆ ಹೋಗಲಿ.

ಆಂಟೆನಾ ಮೇಲೆ ಹೋದಮೇಲೆ ಕೇಬಲ್ಲಿನ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೆಳ್ಳನೆಯ ಆರ್‌ಜಿ-58 ಕೇಬಲ್ 20 ಮೀಟರ್ ಎಳೆದರೆ ಮೇಲೆ ಸಿಕ್ಕ ಸಂಕೇತದಲ್ಲಿ ಹತ್ತನೇ ಒಂದು ಪಾಲೂ ಕೆಳಗೆ ತಲುಪುವುದಿಲ್ಲ. ಡಿಷ್ ಟಿವಿಯವರು ಬಳಸುವ ಆರ್‌ಜಿ-6ರಲ್ಲಿ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ‘ಅದು 75 ಓಮ್, ಡಾಂಗಲ್ 50 ಓಮ್, ಹೊಂದುವುದಿಲ್ಲ’ ಎನ್ನುತ್ತಾರೆ. ಆ ವ್ಯತ್ಯಾಸಕ್ಕೆ ಹಿಂದಿರುಗುವುದು ನೂರರಲ್ಲಿ ನಾಲ್ಕು ಪಾಲು ಮಾತ್ರ. ಈ ಮಾತನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ!

ಹಾಗಾದರೆ ಕೇಬಲ್ಲಿನ ಕೆಳತುದಿಗೆ ಆಂಪ್ಲಿಫೈಯರ್ ಸೇರಿಸಿ ನಷ್ಟ ತುಂಬಿಕೊಳ್ಳಬಾರದೆ? ಆಗದು. ಜಾತ್ರೆಯ ಗದ್ದಲದಲ್ಲಿ ಮುಳುಗಿದ ಪಿಸುಮಾತಿಗೆ ಮೈಕ್ ಹಿಡಿದರೆ ಗದ್ದಲವೂ ಅಷ್ಟೇ ಜೋರಾಗುತ್ತದೆ. ಕೇಬಲ್ಲಿನೊಳಗೆ ಕ್ಷೀಣಿಸಿದ ಸಂಕೇತ ಗದ್ದಲದ ಮಟ್ಟಕ್ಕೆ ಇಳಿದ ಮೇಲೆ ಎರಡನ್ನೂ ಒಟ್ಟಿಗೇ ಹಿಗ್ಗಿಸುತ್ತೀರಿ. ಆಂಪ್ಲಿಫೈಯರ್ ಹಾಕುವುದಾದರೆ ಮೇಲೆ, ಆಂಟೆನಾದ ಬುಡದಲ್ಲೇ. ಅದರ ಮುಂದೆ 1090ಕ್ಕಷ್ಟೇ ದಾರಿ ಬಿಡುವ ಫಿಲ್ಟರ್ ಇರಲಿ. ಪಕ್ಕದ ಮನೆಯ ಮೇಲೆ ಮೊಬೈಲ್ ಟವರ್ ಇದ್ದರೆ 900 ಮೆಗಾಹರ್ಟ್ಸ್ ಸುತ್ತಮುತ್ತಲಿನ ಅದರ ಅಬ್ಬರ ಡಾಂಗಲ್ಲನ್ನು ಕಿವುಡಾಗಿಸುತ್ತದೆ. ನನಗೆ ಗೊತ್ತಿರುವ ಒಂದು ತಾರಸಿಯಲ್ಲಿ ಆಂಪ್ಲಿಫೈಯರ್ ತೆಗೆದು ಫಿಲ್ಟರ್ ಹಾಕಿದ ಮೇಲೇ ದೂರದ ವಿಮಾನಗಳು ಸಿಕ್ಕವು.

ಆಂಟೆನಾ ಕೊಳ್ಳಲೇಬೇಕೆಂದಿಲ್ಲ. ಮನೆಯ ವೈರಿಂಗಿನ ದಪ್ಪ ತಾಮ್ರದ ತಂತಿ ತೆಗೆದುಕೊಳ್ಳಿ. 69 ಮಿಲಿಮೀಟರಿನ ಒಂದು ತುಂಡು ನೆಟ್ಟಗೆ ಮೇಲಕ್ಕೆ, ಅಷ್ಟೇ ಉದ್ದದ ನಾಲ್ಕು ತುಂಡು ಓರೆಯಾಗಿ ಕೆಳಕ್ಕೆ. ಉಕ್ಕಿನ ಸ್ಕೇಲಿನಲ್ಲಿ ಅಳೆಯಿರಿ, ಅರ್ಧ ಸೆಂಟಿಮೀಟರ್ ತಪ್ಪಿದರೂ ಶ್ರುತಿ ಜಾರುತ್ತದೆ. ಸೋಲ್ಡರಿಂಗ್ ಐರನ್, ಕಟರ್ ನಿಮ್ಮಲ್ಲಿ ಇದ್ದೇ ಇರುತ್ತವೆ. ಮಲ್ಟಿಮೀಟರ್ ಮಾತ್ರ ಮರೆಯಬೇಡಿ. ಕೇಬಲ್ಲಿನ ಹೊರಜಾಲದ ಒಂದು ಎಳೆ ನಡುವಿನ ತಂತಿಗೆ ತಾಕಿದ್ದರೂ ಸಂಕೇತವೆಲ್ಲ ಅಲ್ಲೇ ಮುಗಿಯಿತು. ಕನೆಕ್ಟರ್ ಹಾಕಿದ ಕೂಡಲೇ, ಆಂಟೆನಾಕ್ಕೆ ಜೋಡಿಸುವ ಮುಂಚೆಯೇ ಪರೀಕ್ಷಿಸಿ. ಮುಂಗಾರಿನ ನೀರು ಇಳಿಯದಂತೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಡಾಂಗಲ್ ಸಿಕ್ಕಿಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸುತ್ತಿದ್ದರೆ ಅದಕ್ಕೆ ಹಳೆಯ ಫೋನ್ ಚಾರ್ಜರ್ ಬೇಡ.

ಇಂಥ ಉಪಕರಣಕ್ಕೆ ಅನ್ವಯಿಸುವ ದೂರಸಂಪರ್ಕ ಇಲಾಖೆಯ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ. ಕೊನೆಯದಾಗಿ, ತಾರಸಿಯ ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಮೋಡ ಕಟ್ಟುವ ಮೊದಲೇ ಕೇಬಲ್ ಕಳಚಿಡಿ. ಗುಡುಗು ಕೇಳಿದ ಮೇಲೆ ತಾರಸಿಗೆ ಹತ್ತಬೇಡಿ.